ಟಾಪ್ ಸ್ಪೀಡ್ ನೋಡ್ಕೊಂಡು ಫಸ್ಟ್ ರೌಂಡ್ ಪಿಕ್ ಕೊಡ್ಬೇಡ

ತಮ್ಮಾ, ನಿನ್ನ ಫ್ಯಾಂಟಸಿ ಐಸ್ ಹಾಕಿ ಲೀಗ್‌ನಲ್ಲಿ (ನಿಜ ಆಟಗಾರರ ಅಂಕಿಅಂಶದ ಮೇಲೆ ಆಡೋ ಆಟ) ಒಬ್ಬನಿಗಾಗಿ ಡ್ರಾಫ್ಟ್ ಪಿಕ್, ಅಂದ್ರೆ ಹೊಸಬರನ್ನ ಆರಿಸೋ ಸರದಿ, ಕೊಡ್ತೀನಿ ಅಂತ ಬರೆದಿದ್ದೀಯಲ್ಲ, ಆ ಆಫರ್ ಇನ್ನೂ ಕಳಿಸಿಲ್ಲ ಅಂದ್ರೆ ಸ್ವಲ್ಪ ತಡಿ. ನೀನು ಬರೆದಿರೋದು ಇಷ್ಟು: ವಿಂಗರ್ (ಬದಿಯಲ್ಲಿ ಆಡೋ ಫಾರ್ವರ್ಡ್), ವಯಸ್ಸು 29, ಆರಡಿ ಮೂರಿಂಚು, ಹೋದ ಸೀಸನ್ 22 ಗೋಲು, ಹಿಟ್ (ಎದುರಾಳಿಗೆ ಮೈಯಿಂದ ಗುದ್ದೋದು) 250ರ ಮೇಲೆ, ಎನ್‌ಎಚ್‌ಎಲ್ ಎಡ್ಜ್‌ನಲ್ಲಿ (ಆಟಗಾರರ ವೇಗ ತೋರಿಸೋ ಲೀಗ್‌ನ ವೆಬ್‌ಸೈಟ್) ಟಾಪ್ ಸ್ಪೀಡ್ ಗಂಟೆಗೆ 22.6 ಮೈಲಿ, ಕಾಂಟ್ರಾಕ್ಟ್ ಇನ್ನೂ ನಾಲ್ಕು ವರ್ಷ. "ಇಷ್ಟು ದೊಡ್ಡ ಆಳು ಇಷ್ಟು ಜೋರಾಗಿ ಹೋಗ್ತಾನೆ ಅಂದ್ರೆ ಫಸ್ಟ್ ಜೊತೆ ಒಂದು ಸೆಕೆಂಡ್ ಕೊಟ್ರೂ ಲಾಭವೇ" ಅಂದಿದ್ದೀಯ, ಅಂದ್ರೆ ಮೊದಲ ಸುತ್ತಿನ ಪಿಕ್ ಜೊತೆ ಎರಡನೇ ಸುತ್ತಿನದ್ದೂ. ಹೆಸರು ಹಾಕದೇ ಇದ್ದದ್ದು ಜಾಣತನ, ನಿಮ್ಮ ಕೀಪರ್ ಲೀಗ್‌ನವರು (ಆಟಗಾರರನ್ನ ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳೋ ಲೀಗ್) ಈ ಫೋರಂನಲ್ಲೂ ಇದ್ದಾರೆ. ಆದ್ರೆ ಲೆಕ್ಕ ತಪ್ಪು. 2013ರಲ್ಲಿ ನಾನೂ ಸೇರಿ ಅರ್ಧ ಟೊರೊಂಟೊ ಹಾಕಿದ್ದು ಇದೇ ಲೆಕ್ಕ.

ಡೇವಿಡ್ ಕ್ಲಾರ್ಕ್‌ಸನ್ ನೆನಪಿದೆಯಾ? ನೀನು ಆಗ ಇಲ್ಲಿಗೆ ಬಂದಿರಲಿಲ್ಲವೇನೋ. ನ್ಯೂಜೆರ್ಸಿಯಲ್ಲಿ 2011-12ರಲ್ಲಿ 30 ಗೋಲು ಹೊಡೆದವನು, ಹೊಡೆದಾಡ್ತಾನೆ, ನೆಟ್ ಮುಂದೆ ನಿಂತ್ರೆ ಕದಲಲ್ಲ, ಮೇಲಾಗಿ ಇದೇ ಟೊರೊಂಟೊ ಊರಿನ ಹುಡುಗ. ವಯಸ್ಸು ನಿನ್ನ ಆಟಗಾರನಷ್ಟೇ, 29. ಟೊರೊಂಟೊ ತಂಡ ಲೀಫ್ಸ್‌ನವರು ಏಳು ವರ್ಷಕ್ಕೆ 3.675 ಕೋಟಿ ಡಾಲರ್ ಕೊಟ್ರು. ಸೀಸನ್ ಶುರುವಾಗೋ ಮೊದಲೇ, ಬಫಲೋ ವಿರುದ್ಧದ ಪ್ರೀಸೀಸನ್ ಜಗಳದಲ್ಲಿ ಬೆಂಚ್ ಬಿಟ್ಟು ಹಾರಿ 10 ಪಂದ್ಯ ಸಸ್ಪೆಂಡ್ ಆದ. ವಾಪಸ್ ಬಂದು ಆಡಿದ 60 ಪಂದ್ಯದಲ್ಲಿ ಹೊಡೆದದ್ದು 5 ಗೋಲು. ಮನಸ್ಸಿಟ್ಟು ಆಡಲಿಲ್ಲ ಅಂತ ಯಾರೂ ಅನ್ನೋ ಹಾಗಿರಲಿಲ್ಲ, ಪ್ರತಿ ಶಿಫ್ಟ್‌ನಲ್ಲೂ (ಐಸ್ ಮೇಲಿಳಿಯೋ ಸರದಿಯಲ್ಲೂ) ಗುದ್ದೋಕೆ ಹೋಗ್ತಿದ್ದ. ಆದ್ರೆ ಹೋಗೋ ಹೊತ್ತಿಗೆ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಅಲ್ಲಿರ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಪಕ್ ಬಹಳ ಹೊತ್ತು ಎದುರಾಳಿಯ ಮೂಲೆಯಲ್ಲೇ ಇರ್ತಿತ್ತು, ಅವನ ಕೆಲಸವೂ ಅಲ್ಲೇ. ಇಲ್ಲಿ ಲೀಫ್ಸ್ ಆಗ ಆಡ್ತಿದ್ದದ್ದು ಓಡಾಟದ ಆಟ, ಆ ಕಾಲಿಗೆ ಅದು ಆಗಿಬರಲಿಲ್ಲ. ಕೊನೆಗೆ 2015ರ ಫೆಬ್ರವರಿಯಲ್ಲಿ ಕೊಲಂಬಸ್‌ಗೆ ಕಳಿಸಿ, ಬದಲಿಗೆ ಬೆನ್ನುನೋವಿನಿಂದ ಮತ್ತೆ ಆಡೋಕೇ ಆಗದ ನೇಥನ್ ಹಾರ್ಟನ್‌ನ ಕಾಂಟ್ರಾಕ್ಟ್ ತಗೊಂಡ್ರು. ಆಡೋ ಆಟಗಾರನಿಗಿಂತ ಆಡದ ಆಟಗಾರನ ಕಾಂಟ್ರಾಕ್ಟೇ ವಾಸಿ ಅನ್ನೋ ಸ್ಥಿತಿ.

ಈಗ ನಿನ್ನ 22.6ಕ್ಕೆ ಬರ್ತೀನಿ. ಅದು ಇಡೀ ಸೀಸನ್‌ನ ಒಂದೇ ಒಂದು ಕ್ಷಣ. ಒಂದು ದಿನ ತಮ್ಮ ಬ್ಲೂ ಲೈನ್‌ನಿಂದ (ತಮ್ಮ ಕಡೆಯ ನೀಲಿ ಗೆರೆಯಿಂದ) ಖಾಲಿ ಐಸ್ ಸಿಕ್ಕಿ ನೇರ ಓಡಿದ್ರೆ ಯಾವ ದೊಡ್ಡ ಆಳಿಗೂ ಒಳ್ಳೇ ನಂಬರ್ ಬರುತ್ತೆ. ಅದೇ ಪುಟದಲ್ಲಿ 18ರಿಂದ 20, 20ರಿಂದ 22, 22ರ ಮೇಲೆ ಅಂತ ಬರ್ಸ್ಟ್‌ಗಳ (ಆ ವೇಗ ಮುಟ್ಟಿದ ಓಟಗಳ) ಎಣಿಕೆ ಇದೆ, ಪರ್ಸೆಂಟೈಲ್ ಕೂಡ ಇದೆ. 20ರ ಮೇಲಿನದ್ದನ್ನ ಐಸ್ ಟೈಮ್‌ನಿಂದ ಭಾಗಿಸಿ ನೋಡು, ಹಿಂದಿನ ಎರಡು ಸೀಸನ್ ಜೊತೆ ಹೋಲಿಸು. ಟಾಪ್ ಸ್ಪೀಡ್ ಹಾಗೇ ಇದ್ದು ಬರ್ಸ್ಟ್ ಕಮ್ಮಿ ಆಗ್ತಾ ಬಂದಿದ್ರೆ ಕೈ ಹಾಕಬೇಡ. ಅದನ್ನೂ ಕುರುಡಾಗಿ ನಂಬೋ ಹಾಗಿಲ್ಲ, ಸದಾ ಪಕ್ ಹಿಂದೆ ಅಟ್ಟಿಸಿಕೊಂಡು ಹೋಗೋ ತಂಡದವನಿಗೂ ಬರ್ಸ್ಟ್ ಜಾಸ್ತಿ ಬೀಳುತ್ತೆ.

ಹಾಗಾಗಿ ನಾನು ಕಣ್ಣಿನಿಂದಲೇ ನೋಡೋದು. ಒಂದು ಪಂದ್ಯ ಹಾಕ್ಕೊಂಡು ಪಕ್ ಬಿಟ್ಟು ಅವನೊಬ್ಬನನ್ನೇ ನೋಡು. ಅವನ ತಂಡ ಪಕ್ ಡಂಪ್ ಮಾಡಿದ (ಎದುರಾಳಿಯ ಮೂಲೆಗೆ ಎಸೆದ) ಕೂಡಲೇ ಕಾಲು ಗಮನಿಸು: ನಿಂತ ಜಾಗದಿಂದ ಮೊದಲ ಮೂರು ಸ್ಟ್ರೈಡ್ ಹೇಗಿದೆ? ಒಳ್ಳೇ ಎಫ್‌ವನ್ (ಪಕ್ ಹಿಂದೆ ಮೊದಲು ನುಗ್ಗೋ ಫಾರ್ವರ್ಡ್) ಆದ್ರೆ, ಡಿಫೆನ್ಸ್‌ಮನ್ ಬೆನ್ನು ತಿರುಗಿಸಿ ಪಕ್ ಮುಟ್ಟೋ ಹೊತ್ತಿಗೆ ಅವನ ಹೆಗಲ ಹತ್ರ ಇರ್ತಾನೆ. ಆ ಡಿಫೆನ್ಸ್‌ಮನ್ ತಲೆ ಎತ್ತದೇ ಬೋರ್ಡ್‌ಗುಂಟ ಪಕ್ ಎಸೀತಾನೆ, ಅದು ಎಫ್‌ಟುಗೆ (ಅವನ ಹಿಂದೆ ಬರೋ ಎರಡನೆಯವನಿಗೆ) ಸಿಗುತ್ತೆ. ನಿಧಾನದವನು ಬರೋದು ಪಾಸ್ ಹೋದ ಮೇಲೆ. ಬಂದು ಜೋರಾಗೇ ಗುದ್ತಾನೆ, ಗ್ಲಾಸ್ ಅಲ್ಲಾಡುತ್ತೆ, ಜನ ಕೂಗ್ತಾರೆ, ಹಿಟ್ ಕಾಲಂನಲ್ಲಿ ಒಂದು ಸೇರುತ್ತೆ. ಆದ್ರೆ ಪಕ್ ಆಗಲೇ ರೆಡ್ ಲೈನ್ ದಾಟಿರುತ್ತೆ, ಅವನು ಆಟದಿಂದ ಹೊರಗೆ. ಹಿಟ್‌ಗೂ ಪಾಯಿಂಟ್ ಕೊಡೋ ನಿಮ್ಮ ಬ್ಯಾಂಗರ್ ಲೀಗ್‌ನಲ್ಲಿ ಎರಡೂ ಹಿಟ್‌ಗೆ ಒಂದೇ ಪಾಯಿಂಟ್, ಮೋಸ ಹೋಗೋದೇ ಅಲ್ಲಿ. ಕೋಚ್‌ಗೆ ಎರಡೂ ಒಂದಲ್ಲ. ಎರಡನೇ ಥರದವನನ್ನ ಡಿಸೆಂಬರ್ ಹೊತ್ತಿಗೆ ನಾಲ್ಕನೇ ಲೈನಿಗೆ (ಕಮ್ಮಿ ಹೊತ್ತು ಆಡೋ ಮೂವರ ಗುಂಪಿಗೆ) ಇಳಿಸ್ತಾನೆ, ಪವರ್‌ಪ್ಲೇ (ಎದುರಾಳಿಗೆ ಒಬ್ಬ ಕಮ್ಮಿ ಇರೋ ಹೊತ್ತಿನ ಆಟ) ಹೋಗುತ್ತೆ, ಅದರ ಹಿಂದೆ ಗೋಲೂ ಹೋಗುತ್ತೆ. ಎರಡನೇ ಪೀರಿಯಡ್ ತಪ್ಪದೇ ನೋಡು. ಆಗ ಕಡೆ ಬದಲಾಗಿ ತಮ್ಮ ಗೋಲಿನಿಂದ ಬೆಂಚ್ ದೂರ ಇರುತ್ತೆ, ಶಿಫ್ಟ್ ಕೊನೆಯಲ್ಲಿ ಕಾಲು ಸತ್ತವನು ವಾಪಸ್ ಬರೋವಾಗ ಸಿಕ್ಕಿಬೀಳ್ತಾನೆ. ಹೈಲೈಟ್ಸ್ ನೋಡಿ ಆಟಗಾರನನ್ನ ಕೊಳ್ಳೋ ಚಾಳಿ ಮೊದಲು ಬಿಡು.

ಮಿಲಾನ್ ಲೂಚಿಚ್ ಕಥೆಯೂ ಇದೇ. ಎಲ್‌ಎ (ಲಾಸ್ ಏಂಜಲೀಸ್) ತಂಡದಲ್ಲಿ 20 ಗೋಲು, 55 ಪಾಯಿಂಟ್. 2016ರಲ್ಲಿ ಎಡ್ಮಂಟನ್ ವರ್ಷಕ್ಕೆ 60 ಲಕ್ಷ ಡಾಲರ್ ಹಾಗೆ ಏಳು ವರ್ಷ ಬರೆದುಕೊಡ್ತು. ಮೊದಲ ವರ್ಷ 23 ಗೋಲು, ಆಮೇಲೆ 10, ಆಮೇಲೆ 6. 2019ರಲ್ಲಿ ಕ್ಯಾಲ್ಗರಿಗೆ ದಾಟಿಸೋವಾಗ ಸಂಬಳದಲ್ಲಿ ಒಂದು ಭಾಗ ತಾವೇ ಇಟ್ಕೋಬೇಕಾಯ್ತು. ದೊಡ್ಡ ಆಳುಗಳ ಕಾಲು ಮೆಲ್ಲಗೆ ಇಳಿಯಲ್ಲ, ಒಮ್ಮೆಗೇ ಇಳಿಯುತ್ತೆ. ಟಾಮ್ ವಿಲ್ಸನ್ ಥರದವರು ಬೇರೆ. ಮೊಣಕಾಲಿನ ಎಸಿಎಲ್ ಆಪರೇಷನ್ ಆದ ಮೇಲೂ 2024-25ರಲ್ಲಿ 33 ಗೋಲು ಹೊಡೆದ. ಅಷ್ಟು ದೊಡ್ಡ ದೇಹಕ್ಕೆ ಅಂಥ ಸ್ಕೇಟಿಂಗ್ ಇರೋರು ಲೀಗ್‌ನಲ್ಲೇ ಬೆರಳೆಣಿಕೆ, ಅಂಥವನನ್ನ ನಿಂಗೆ ಯಾರೂ ಮಾರಲ್ಲ.

ಬೆಲೆ ವಿಷಯಕ್ಕೆ ಟ್ಯಾಂಪಾ ತಂಡ ನೋಡು, ಒಂದೇ ಆಫೀಸ್, ಎರಡು ಫಲ. 2020ರಲ್ಲಿ ಬ್ಲೇಕ್ ಕೋಲ್ಮನ್, ಬಾರ್ಕ್ಲೆ ಗುಡ್ರೋ ಇಬ್ಬರಿಗೂ ಒಂದೊಂದು ಫಸ್ಟ್ ಕೊಟ್ಟಾಗ ಎಲ್ಲರೂ ಬೈದ್ರು. ಆದ್ರೆ ಒಬ್ಬನ ಸಂಬಳ 18 ಲಕ್ಷ, ಇನ್ನೊಬ್ಬನದು 9.25 ಲಕ್ಷ, ಇಬ್ಬರಿಗೂ ಇನ್ನೊಂದು ಪೂರ್ತಿ ಸೀಸನ್ ಬಾಕಿ. ಯಾನಿ ಗೂರ್ಡ್ ಜೊತೆ ಒಂದು ಲೈನ್ ಆಯ್ತು, ಎರಡು ಸ್ಟ್ಯಾನ್ಲಿ ಕಪ್ (ಲೀಗ್‌ನ ಚಾಂಪಿಯನ್ ಕಪ್) ಬಂತು. 2023ರಲ್ಲಿ ಅದೇ ಟ್ಯಾಂಪಾ ಟ್ಯಾನರ್ ಜೆನೋಗೆ ಒಬ್ಬ ಡಿಫೆನ್ಸ್‌ಮನ್, ಜೊತೆಗೆ ಒಂದು ಫಸ್ಟ್ ಸೇರಿ ಐದು ಪಿಕ್ ಕೊಡ್ತು. ಹಿಂದಿನ ಸೀಸನ್ 24 ಗೋಲು ಹೊಡೆದಿದ್ದ ನಿಜ, ಶೂಟಿಂಗ್ ಪರ್ಸೆಂಟೇಜ್ (ನೂರು ಶಾಟ್‌ಗೆ ಎಷ್ಟು ಗೋಲು) ಮಾತ್ರ 19ರ ಮೇಲೆ, ಅದು ಹೆಚ್ಚಿನವರಿಗೆ ನಿಲ್ಲೋ ನಂಬರ್ ಅಲ್ಲ. ಟ್ರೇಡ್ ಆಗೋ ಹೊತ್ತಿಗೆ ಆ ವರ್ಷ 56 ಪಂದ್ಯದಲ್ಲಿ ಬರೀ 5 ಗೋಲು. 2024ರಲ್ಲಿ ಎಲ್‌ಎಗೆ ಮಾರಿದಾಗ ವಾಪಸ್ ಬಂದದ್ದು ಒಂದು ಸೆಕೆಂಡ್, ಒಂದು ಫೋರ್ತ್. ನಿನ್ನವನ 22 ಗೋಲು ಎಷ್ಟು ಶಾಟ್‌ಗೆ ಬಂತು ಅಂತ ನೀನು ಬರೆದೇ ಇಲ್ಲ. ಮೊದಲು ಅದನ್ನ ನೋಡು.

ಬೇಕಾದ್ರೆ ಸ್ಯಾಮ್ ಬೆನೆಟ್ ಥರದವನನ್ನ ಹುಡುಕು. 2014ರ ನಾಲ್ಕನೇ ಪಿಕ್, ಕ್ಯಾಲ್ಗರಿಯಲ್ಲಿ ಕೆಳಗಿನ ಲೈನ್‌ಗಳಲ್ಲಿ ಸವೀತಿದ್ದ. 2021ರಲ್ಲಿ ಫ್ಲೋರಿಡಾ ಒಂದು ಸೆಕೆಂಡ್ ರೌಂಡ್ ಪಿಕ್ ಮತ್ತೆ ಎಮಿಲ್ ಹೈನಮನ್ ಕೊಟ್ಟು ತಗೊಂಡು, ಸೆಂಟರ್‌ನಲ್ಲಿ ನಿಲ್ಲಿಸಿ, ಫೋರ್‌ಚೆಕ್‌ಗೆ (ಎದುರಾಳಿಯ ಕಡೆಯಲ್ಲೇ ಪಕ್ ಕಸಿಯೋ ಕೆಲಸಕ್ಕೆ) ಬಿಡ್ತು. 2025ರ ಪ್ಲೇಆಫ್‌ನಲ್ಲಿ 15 ಗೋಲು, ಕಾನ್ ಸ್ಮೈತ್ (ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ). ಕಾಲು ಮೊದಲಿಂದಲೂ ಇತ್ತು, ಜಾಗ ಇರಲಿಲ್ಲ. 25ರ ಆಸುಪಾಸು, ಬರ್ಸ್ಟ್ ಜಾಸ್ತಿ, ಐಸ್ ಟೈಮ್ ಕಮ್ಮಿ ಇರೋ ಇಂಥವರು ಪ್ರತಿ ವರ್ಷ ನಾಲ್ಕೈದು ಜನ ಸಿಗ್ತಾರೆ, ಅಗ್ಗಕ್ಕೇ ಸಿಗ್ತಾರೆ.

ಇನ್ನೊಂದು, ಹಿಟ್ ಎಣಿಸೋರು ಆಯಾ ಅರೀನಾದ ಸ್ಕೋರರ್‌ಗಳು, ಒಂದೊಂದು ಊರಿನ ಕೈ ಒಂದೊಂದು ಥರ. ಹೋಮ್, ರೋಡ್ ಬೇರೆ ಮಾಡಿ ನೋಡು. ಮನೆಯಲ್ಲಿ ಎರಡು ಪಟ್ಟು ಇದ್ರೆ, ಟೀಮ್ ಬದಲಾದ ದಿನ ನಿನ್ನ 250 ಕರಗುತ್ತೆ. ಕಾಂಟ್ರಾಕ್ಟ್‌ಗೆ ಪಕ್‌ಪೀಡಿಯಾ ವೆಬ್‌ಸೈಟ್ ನೋಡು. ಅಂಥದ್ದೇ ಸೈಟ್ ಆಗಿದ್ದ ಕ್ಯಾಪ್‌ಫ್ರೆಂಡ್ಲಿಯನ್ನ 2024ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಕೊಂಡು ಮುಚ್ಚಿದ ಮೇಲೆ ನಂಗೆ ಸರಿ ಅನಿಸಿದ್ದು ಅದೊಂದೇ. ಶಾಟ್ ಲೆಕ್ಕಕ್ಕೆ ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ಸೈಟ್ ಸಾಕು. ಸಂಬಳ ಲೆಕ್ಕ ಇಡೋ ಕೀಪರ್ ಲೀಗ್‌ಗೆ ಫ್ಯಾನ್‌ಟ್ರ್ಯಾಕ್ಸೇ ವಾಸಿ, ಯಾಹೂ ಒಂದು ಸೀಸನ್‌ನ ಆಟಕ್ಕೆ ಚೆನ್ನ.

ಇಷ್ಟೆಲ್ಲ ನೋಡಿಯೂ ಅವನೇ ಬೇಕು ಅಂದ್ರೆ ಒಂದು ಸೆಕೆಂಡ್ ಮಾತ್ರ ಕೊಡು, ಫಸ್ಟ್ ಮುಟ್ಟಬೇಡ. ನಾಲ್ಕು ವರ್ಷದ ಸಂಬಳ ಹೊರೋನು ನೀನು, ಆದ್ರಿಂದ ಅವರ ಕಡೆಯಿಂದ ಒಂದು ಲೇಟ್ ಪಿಕ್ (ಕೊನೇ ಸುತ್ತುಗಳದ್ದು) ವಾಪಸ್ ಕೇಳು. ಒಪ್ಪದಿದ್ರೆ ಟ್ರೇಡ್ ಡೆಡ್‌ಲೈನ್ ವಾರದವರೆಗೆ ಸುಮ್ಮನಿರು. ಶಾಟ್ ಸಂಖ್ಯೆ, ಬರ್ಸ್ಟ್ ಸಂಖ್ಯೆ ಎರಡನ್ನೂ ಇಲ್ಲಿ ಹಾಕು, ಹೆಸರು ಬೇಡ, ನೋಡಿ ಹೇಳ್ತೀನಿ.