ಎಂಟು ವರ್ಷದ ಹಳೆ ಪೆಟ್ರೋಲು, ಮುನಿದ ಓದುಗರು

ನಿಮ್ಮ ಧಾರಾವಾಹಿ ಕತೆಯ 12ನೇ ಕಂತಿಗೆ ಓದುಗರು ಮುನಿದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅವರ ತಕರಾರು ನಾಯಕಿಯ ಬಗ್ಗೆ ಅಲ್ಲ, ಪೆಟ್ರೋಲಿನ ಬಗ್ಗೆ. ಲೋಕ ಹಾಳಾಗಿ 8 ವರ್ಷ ಆಗಿದೆ ಅಂತ ನೀವೇ ಬರೆದಿದ್ದೀರಿ. 12ನೇ ಕಂತಿನಲ್ಲಿ ಅವಳು ಪಾಳುಬಿದ್ದ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಬೈಕ್ ಹತ್ತುತ್ತಾಳೆ. ಎಡವಟ್ಟಾಗಿದ್ದು ಅಲ್ಲೇ. ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಅಂಟಂಟಾಗಿ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಕಟ್ಟಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಕೆಡಲು ಇಷ್ಟೇ ತಿಂಗಳು ಅಂತ ಹೇಳಲಾಗದು, ಬಿಸಿಲು, ಟ್ಯಾಂಕಿನ ಮುಚ್ಚಳ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಆದರೆ 8 ವರ್ಷ ಜಾಸ್ತಿಯಾಯಿತು, ಅಲ್ವಾ?

ಹಳೆ ಕಂತನ್ನು ಸುಮ್ನೆ ತಿದ್ದಬೇಡಿ. ನಾನು ಹಾಗೆ ಮಾಡಿ ಇನ್ನಷ್ಟು ಬೈಸಿಕೊಂಡೆ, ಮೊದಲೇ ಓದಿದವರಿಗೆ ಮೋಸ ಅನ್ನಿಸಿತು. ಮೊದಲು ತಪ್ಪು ಒಪ್ಪಿಕೊಂಡು ಒಂದು ಸಾಲು ಹಾಕಿ. ಆಮೇಲೆ 13ನೇ ಕಂತಿನಲ್ಲಿ ಗಾಡಿ ನಾಲ್ಕು ಮಾರು ಹೋಗಿ, ಕೆಮ್ಮಿ ಕೆಮ್ಮಿ ನಿಂತುಬಿಡಲಿ. ತಪ್ಪೇ ತಿರುವು ಆಗುತ್ತದೆ.

ನಂತರ ಬೇರೆ ಗಾಡಿ ಕೊಡಿ. ಹಳೆ ಡೀಸೆಲ್ ಎಂಜಿನ್ ಆದರೆ ಹೊಂಗೆ ಎಣ್ಣೆಯಲ್ಲೂ ಓಡಿಸಬಹುದು. ಎಣ್ಣೆ ಮಂದ, ಸೋಸಿ ಬಿಸಿ ಮಾಡಿಕೊಳ್ಳಬೇಕು. ಹೊಸ ಕಾರುಗಳಲ್ಲಿ ಇದು ನಡೆಯುವ ಭರವಸೆ ಇಲ್ಲ. ನನಗೆ ಇಷ್ಟವಾಗುವುದು ಇದ್ದಿಲು ಗ್ಯಾಸ್, ಅಂದರೆ ಗಾಡಿಗೇ ಕಟ್ಟಿದ ಒಲೆಯಲ್ಲಿ ಇದ್ದಿಲು ಅರೆಬರೆ ಉರಿಸಿ ಬರುವ ಅನಿಲದಿಂದ ಎಂಜಿನ್ ಓಡಿಸುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ನಮ್ಮ ಕಡೆ ಬಸ್ಸುಗಳು ಅದರಲ್ಲೇ ಓಡಿದ್ದವು. ಹೊರಡುವ ಮೊದಲು ಒಲೆ ಹೊತ್ತಿಸಿ, ಗಾಳಿ ಊದುವ ಚಕ್ರ ತಿರುವಿ, ಗ್ಯಾಸ್ ಬರುವ ತನಕ ಕಾಯಬೇಕು. ಬೆನ್ನಟ್ಟಿ ಬರುವವರಿರುವ ಕಂತಿಗೆ ಇದನ್ನೇ ಇಡಿ.