ಅಪ್ಪ ಅಮ್ಮನ್ನ ಕರ್ಕೊಂಡು ಏಳು ದಿನದಲ್ಲಿ ಅಮೆರಿಕದ ಯೂಟಾ ರಾಜ್ಯದ ಐದು ನ್ಯಾಷನಲ್ ಪಾರ್ಕ್ ಜೊತೆಗೆ ಗ್ರ್ಯಾಂಡ್ ಕ್ಯಾನ್ಯನ್, ಆಗತ್ತಾ?

ನಿಮ್ಮ ಪ್ರಶ್ನೆ ನೋಡಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ ನಾಲ್ಕು ವರ್ಷದ ಹಿಂದೆ ನಾನು ಹಾಕಿದ್ದ ಪ್ಲಾನ್ ಥೇಟ್ ಇದೇ. ಜೂನ್ ಕೊನೇ ವಾರ, ಲಾಸ್ ವೇಗಸ್‌ವರೆಗೆ ಫ್ಲೈಟ್, ಅಲ್ಲಿಂದ ರೆಂಟಲ್ ಕಾರು, ಜಾಯನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ವಾಪಸ್ ಬರ್ತಾ ಗ್ರ್ಯಾಂಡ್ ಕ್ಯಾನ್ಯನ್. ಊರಿಂದ ಬಂದ ಅಪ್ಪ ಅಮ್ಮ ಇಬ್ರಿಗೂ ಅರವತ್ತೈದು ದಾಟಿತ್ತು, ಅಮ್ಮನಿಗೆ ಮಂಡಿ ನೋವು ಬೇರೆ. ನಿಮ್ಮ ಮನೇಲೂ ಅದೇ ಕಥೆ ಅಂತ ಬರ್ದಿದೀರ.

ಉತ್ತರ ಮೊದ್ಲೇ ಹೇಳ್ಬಿಡ್ತೀನಿ: ಆಗಲ್ಲ. ಅಂದ್ರೆ ಕಾರು ಓಡ್ಸೋದಾದ್ರೆ ಆಗತ್ತೆ. ಆ ಇಡೀ ಸುತ್ತು ಸುಮಾರು 1200 ಮೈಲಿ, ಹತ್ತಿರ ಹತ್ತಿರ ಬೆಂಗಳೂರಿಂದ ದೆಲ್ಲಿಗೆ ಹೋದಷ್ಟು, ಪಾರ್ಕ್ ಒಳಗೆ ಸುತ್ತೋದು ಬೇರೆ ಲೆಕ್ಕ. ರಸ್ತೆ ಚೆನ್ನಾಗಿದೆ, ಮ್ಯಾಪ್ ನೋಡಿದ್ರೆ "ಎರಡೂವರೆ ಗಂಟೆ, ಮೂರು ಗಂಟೆ" ಅಂತ ತೋರ್ಸತ್ತೆ, ಅದನ್ನ ನಂಬ್ಕೊಂಡೇ ನಾವೆಲ್ಲ ಮೋಸ ಹೋಗೋದು.

ಅಲ್ಲಿ ದಿನ ಅಂತ ಎಣಿಸ್ಬಾರ್ದು, ಬೆಳಿಗ್ಗೆ ಎಷ್ಟು ಸಿಗತ್ತೆ ಅಂತ ಎಣಿಸ್ಬೇಕು. ಜೂನ್ ಕೊನೇಲಿ ಜಾಯನ್ ಕಣಿವೆಯಲ್ಲಿ ಮಧ್ಯಾಹ್ನ 38 ಡಿಗ್ರಿ ಮುಟ್ಟೋದು ಮಾಮೂಲಿ, ನೆರಳು ಅನ್ನೋದು ಅಪರೂಪ. ಹಾಗಾಗಿ ವಯಸ್ಸಾದವ್ರು ನಡಿಯೋಕೆ ಆಗೋದು ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ, ಅಷ್ಟೇ. ಏಳು ದಿನ ಅಂದ್ರೆ ಮೊದಲನೇ ದಿನ ಏರ್‌ಪೋರ್ಟು, ಕಾರು, ದಿನಸಿ ಅಂತ ಹೋಯ್ತು, ನಿಮ್ಮ ಕೈಯಲ್ಲಿ ಉಳಿಯೋದು ಆರು ಬೆಳಗು. ಆರು ಪಾರ್ಕಿಗೆ ಆರು ಬೆಳಗು ಸರಿ ಹೋಯ್ತಲ್ಲ ಅಂತೀರ, ಆದ್ರೆ ಪ್ರತಿ ಬೆಳಿಗ್ಗೆ ಐದಕ್ಕೆ ಎದ್ದು ನಡೆದು, ಮಧ್ಯಾಹ್ನ ಪ್ಯಾಕ್ ಮಾಡಿ ಮೂರು ಗಂಟೆ ಕಾರಲ್ಲಿ ಕೂತು, ರಾತ್ರಿ ಹೊಸ ಹಾಸಿಗೆ, ಮತ್ತೆ ಐದಕ್ಕೆ ಎದ್ದೇಳೋದು, ಮೂರನೇ ದಿನಕ್ಕೆ ನಮ್ಮಮ್ಮ "ನೀವು ಹೋಗ್ಬನ್ನಿ, ನಾನು ರೂಮಲ್ಲೇ ಇರ್ತೀನಿ" ಅಂದ್ರು. ಅವತ್ತೇ ನಾನು ಉಳಿದ ಬುಕಿಂಗ್ ಎಲ್ಲ ಕ್ಯಾನ್ಸಲ್ ಮಾಡಿ ಪ್ಲಾನ್ ಕಮ್ಮಿ ಮಾಡಿದ್ದು, ಒಂದೆರಡು ಕಡೆ ದುಡ್ಡೂ ಹೋಯ್ತು.

ನನ್ನ ಸಲಹೆ, ಆರ್ಚಸ್ ಮತ್ತೆ ಕ್ಯಾನ್ಯನ್‌ಲ್ಯಾಂಡ್ಸ್ ಈ ಸಲ ಬಿಟ್ಬಿಡಿ, ಅವೆರಡೂ ಮೋಆಬ್ ಊರಿನ ಪಕ್ಕದಲ್ಲಿವೆ, ಇನ್ನೊಂದ್ಸಲ ಸಾಲ್ಟ್ ಲೇಕ್ ಸಿಟಿಗೆ ಇಳಿದು ಅಕ್ಟೋಬರಲ್ಲಿ ಹೋಗಿ. ಅದ್ರಲ್ಲೂ ಆರ್ಚಸ್‌ನಲ್ಲಿರೋ ಡೆಲಿಕೇಟ್ ಆರ್ಚ್ ಅನ್ನೋ ಕಲ್ಲಿನ ಕಮಾನು ನೋಡ್ಲೇಬೇಕು ಅಂತ ಬರ್ದಿದೀರ, ಅದ್ರ ಬಗ್ಗೆ ನನ್ನದೊಂದು ಪ್ರಸಂಗ ಹೇಳ್ತೀನಿ. ಮದುವೆಗೆ ಮುಂಚೆ ಮೂರು ಜನ ಫ್ರೆಂಡ್ಸ್ ಆಗಸ್ಟಲ್ಲಿ ಹೋಗಿದ್ವಿ, ಹೋಗಿ ಬರೋಕೆ ಬರೀ ಮೂರು ಮೈಲಿ, 480 ಅಡಿ ಹತ್ತೋದು, ನಂದಿ ಬೆಟ್ಟದ ಮೆಟ್ಟಿಲು ಹತ್ತಿದವ್ರಿಗೆ ಇದೇನು ಮಹಾ ಅಂತ ಮಧ್ಯಾಹ್ನ ಒಂದು ಗಂಟೆಗೆ ತಲಾ ಒಂದು ಬಾಟ್ಲು ಹಿಡ್ಕೊಂಡು ಹೊರಟ್ವಿ. ಅರ್ಧ ದಾರಿ ಆದ್ಮೇಲೆ ಒಂದು ದೊಡ್ಡ ಬೋಳು ಬಂಡೆ ಇಳಿಜಾರು, ಗಿಡ ಇಲ್ಲ ಮರ ಇಲ್ಲ, ಕಾದ ದೋಸೆ ಹೆಂಚಿನ ಮೇಲೆ ನಡ್ಕೊಂಡು ಹೋದಂಗೆ, ಬಿಸಿಲು ಮೇಲಿಂದ ಒಂದು, ಕೆಳಗಿಂದ ಒಂದು. ಬೆವರೇ ಗೊತ್ತಾಗಲ್ಲ, ಗಾಳಿ ಅಷ್ಟು ಒಣ, ಬಂದ ತಕ್ಷಣ ಆರ್ಹೋಗತ್ತೆ, ಕೈ ಮುಟ್ಕೊಂಡ್ರೆ ಉಪ್ಪಿನ ಪುಡಿ ಸಿಗತ್ತೆ ಅಷ್ಟೇ. ಒಬ್ಬನಿಗೆ ಮೀನಖಂಡ ಹಿಡ್ಕೊಂಡು ಅಲ್ಲೇ ಕೂತ. ಯಾರೋ ವಯಸ್ಸಾದ ಗಂಡ ಹೆಂಡತಿ ಇಳಿದು ಬರ್ತಿದ್ರು, ನಮ್ಮನ್ನ ನೋಡಿ ನೀರಿನ ಜೊತೆಗೆ ಒಂದು ಪ್ಯಾಕೆಟ್ ಉಪ್ಪು ಹಚ್ಚಿದ ಬಿಸ್ಕೆಟ್ ಕೊಟ್ಟು, ಬಂಡೆ ನೆರಳಲ್ಲಿ ಕೂರ್ಸಿ, ಬಿಸಿಲು ಇಳಿಯೋವರೆಗೆ ಏಳ್ಬೇಡಿ ಅಂತ ಬೈದು ಹೋದ್ರು. ಆರ್ಚ್ ನೋಡದೇ ವಾಪಸ್ ಬಂದ್ವಿ.

ಆಗ ಕಲ್ತಿದ್ದು, ಬರೀ ನೀರು ಕುಡಿದ್ರೆ ಸಾಲಲ್ಲ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದ್ರೆ ನಾಲ್ಕು ಲೀಟರ್ ಹತ್ತಿರ ನೀರು ಅಂತ ಪಾರ್ಕಿನವರೇ ಹೇಳ್ತಾರೆ, ಜೊತೆಗೆ ಉಪ್ಪು ತಿಂದಿಲ್ಲ ಅಂದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಎಲ್ಲ ಶುರುವಾಗತ್ತೆ, ನೋಡೋಕೆ ಬಿಸಿಲು ಹೊಡೆದಂಗೇ ಇರತ್ತೆ, ಇನ್ನಷ್ಟು ನೀರು ಕುಡಿಸಿದ್ರೆ ಇನ್ನೂ ಕೆಡತ್ತೆ. ನಮ್ಮವ್ರಿಗೆ ಇದು ಕಷ್ಟ ಅಲ್ಲ ಬಿಡಿ, ನಿಪ್ಪಟ್ಟು, ಚಕ್ಕುಲಿ ಡಬ್ಬ ಹೇಗೂ ಸೂಟ್‌ಕೇಸಲ್ಲಿ ಬಂದಿರತ್ತೆ. ನಾನು ಅಪ್ಪ ಅಮ್ಮನಿಗೆ ಫ್ಲಾಸ್ಕಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕೊಡ್ತಿದ್ದೆ, ಅಂಗಡೀಲಿ ಸಿಗೋ ಬಣ್ಣದ ನೀರಿಗಿಂತ ಅದನ್ನೇ ಕುಡೀತಾರೆ. ಅಂದ್ಹಾಗೆ ಅಪ್ಪ ಅಮ್ಮ ಬಿಪಿ ಮಾತ್ರೆ ತಗೊಳ್ತಿದ್ರೆ ಉಪ್ಪಿನ ವಿಷಯ ಹೊರಡೋ ಮುಂಚೆ ಡಾಕ್ಟರ್ ಹತ್ರ ಒಂದ್ಮಾತು ಕೇಳ್ಕೊಳ್ಳಿ.

ಸರಿ, ಆರು ಬೆಳಗು ಹೇಗೆ ಹಂಚೋದು. ಮೊದಲನೇ ಎರಡು ಜಾಯನ್‌ಗೆ. ವೇಗಸ್‌ನಿಂದ 160 ಮೈಲಿ, ಯೂಟಾ ಗಡಿ ದಾಟಿದ ತಕ್ಷಣ ಗಡಿಯಾರ ಒಂದು ಗಂಟೆ ಮುಂದೆ ಹೋಗತ್ತೆ, ನೆನಪಿರ್ಲಿ. ಸ್ಪ್ರಿಂಗ್‌ಡೇಲ್‌ನಲ್ಲಿ ರೂಮ್ ಮಾಡಿದ್ರೆ ಕಾರು ಅಲ್ಲೇ ಬಿಟ್ಟು ಪಾರ್ಕಿನ ಗೇಟಿಗೆ ನಡ್ಕೊಂಡೋ ಊರಿನ ಬಸ್ಸಲ್ಲೋ ಹೋಗ್ಬೋದು, ಬೇಸಿಗೇಲಿ ಕಣಿವೆ ಒಳಗಿನ ರಸ್ತೆಗೆ ನಮ್ಮ ಕಾರು ಬಿಡಲ್ಲ, ಶಟಲ್ ಬಸ್ಸೇ ಗತಿ. ಮೊದಲ ಬಸ್ಸು ಹಿಡಿದು ಕೊನೇ ಸ್ಟಾಪಿಗೆ ಹೋಗಿ, ರಿವರ್‌ಸೈಡ್ ವಾಕ್ ಅಂತ ಇದೆ, ಸಿಮೆಂಟ್ ಹಾಕಿದ ದಾರಿ, ಪಕ್ಕದಲ್ಲೇ ವರ್ಜಿನ್ ನದಿ, ಎರಡೂ ಕಡೆ ಸಾವಿರ ಅಡಿ ಕೆಂಪು ಗೋಡೆ, ಅಷ್ಟು ಹೊತ್ತಿಗೆ ತಂಪಾಗಿರತ್ತೆ. ದಾರಿ ಮುಗಿದ ಕಡೆ ನದಿ ಒಳಗೇ ನಡ್ಕೊಂಡು ಹೋಗೋದು ನ್ಯಾರೋಸ್, ಅದು ನಿಮಗೆ, ಅವ್ರಿಗಲ್ಲ. ಆ ನೀರಲ್ಲಿ ವಿಷದ ಪಾಚಿ ಇರೋದ್ರಿಂದ ಬಾಯಿಗೆ, ಮುಖಕ್ಕೆ ತಾಗಿಸ್ಕೋಬೇಡಿ. ಏಂಜಲ್ಸ್ ಲ್ಯಾಂಡಿಂಗ್ ಅನ್ನೋ ಸರಪಳಿ ಹಿಡಿದು ಹತ್ತೋ ಟ್ರೇಲ್‌ಗೆ 2022ರಿಂದ ಲಾಟರಿಯಲ್ಲಿ ಪರ್ಮಿಟ್ ತಗೋಬೇಕು, ಈ ಟ್ರಿಪ್ಪಲ್ಲಿ ಅದ್ರ ಯೋಚನೆನೇ ಬೇಡ.

ಎರಡನೇ ಬೆಳಿಗ್ಗೆ ರೂಮ್ ಖಾಲಿ ಮಾಡ್ಕೊಂಡೇ ಸುರಂಗದ ರಸ್ತೆ ಹಿಡೀರಿ. 1930ರಲ್ಲಿ ಮುಗಿಸಿದ ಸುರಂಗ, ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ಉದ್ದ, ಒಳಗೆ ಕಗ್ಗತ್ತಲು, ಆದ್ರೆ ಅಲ್ಲಲ್ಲಿ ಬಂಡೆಯನ್ನೇ ಕೊರೆದು ಕಿಟಕಿ ಇಟ್ಟಿದಾರೆ, ಓಡೋ ಕಾರಿಂದ ಒಂದು ಸೆಕೆಂಡು ಇಡೀ ಕಣಿವೆ ಕಾಣ್ಸಿ ಮಾಯ ಆಗತ್ತೆ. ಅಮ್ಮ ಪ್ರತಿ ಕಿಟಕಿಗೂ "ಅಯ್ಯೋ ಹೋಯ್ತು" ಅಂತಿದ್ರು. ನಿಲ್ಸೋ ಹಾಗಿಲ್ಲ. ಸುರಂಗ ದಾಟಿದ ತಕ್ಷಣ ಕ್ಯಾನ್ಯನ್ ಓವರ್‌ಲುಕ್ ಟ್ರೇಲ್, ಹೋಗಿ ಬರೋಕೆ ಒಂದೇ ಮೈಲಿ, ಪಾರ್ಕಿಂಗ್ ಜಾಗ ಬೆರಳೆಣಿಕೆ, ಆರೂವರೆಗೆ ಅಲ್ಲಿದ್ರೆ ಸಿಗತ್ತೆ.

ಮೂರನೇದು ಬ್ರೈಸ್. ಇದೊಂದೇ ಜಾಗದಲ್ಲಿ ಸ್ವೆಟರ್ ಬೇಕು, ಎಂಟು ಸಾವಿರ ಅಡಿ ಮೇಲಿದೆ, ಬೆಳಿಗ್ಗೆ ಚಳಿ ಕಚ್ಚತ್ತೆ. ವರ್ಷದಲ್ಲಿ ಅರ್ಧದಷ್ಟು ದಿನ ರಾತ್ರಿ ನೀರು ಬಂಡೆ ಬಿರುಕಲ್ಲಿ ಹೆಪ್ಪುಗಟ್ಟಿ ಹಿಗ್ಗತ್ತೆ, ಹಗಲು ಕರಗತ್ತೆ, ಹಾಗೇ ಸೀಳಿ ಸೀಳಿ ಸಾವಿರಾರು ಕಂಬ ನಿಂತಿದೆ. ಸೂರ್ಯ ಬಂದಾಗ ಹಿಂದಿಂದ ಬೆಳಕು ಬಿದ್ದು ಒಳಗಿಂದ ಉರಿಯೋ ತರ ಕಾಣತ್ತೆ, ನಾನೇನೋ ದೊಡ್ಡದಾಗಿ ವರ್ಣನೆ ಮಾಡ್ತಿದ್ದೆ, ಅಮ್ಮ ಶಾಲು ಹೊದ್ಕೊಂಡು "ಮೈಸೂರ್‌ಪಾಕ್ ಸರಿಯಾಗಿ ಪಾಕ ಬರದೆ ಉದುರಿದಂಗಿದೆ ನೋಡು" ಅಂದ್ರು, ಅದಕ್ಕಿಂತ ಕರೆಕ್ಟಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಸನ್‌ರೈಸ್ ಪಾಯಿಂಟಿಂದ ಸನ್‌ಸೆಟ್ ಪಾಯಿಂಟ್‌ವರೆಗೆ ಅರ್ಧ ಮೈಲಿ ಸಮತಟ್ಟು ದಾರಿ, ಅವ್ರು ಅಲ್ಲಿ ಓಡಾಡ್ಲಿ, ನೀವಿಬ್ರು ಕ್ವೀನ್ಸ್ ಗಾರ್ಡನ್ ಕಡೆಯಿಂದ ಇಳಿದು ನವಾಹೋ ಲೂಪ್ ಹತ್ಕೊಂಡು ಬನ್ನಿ, ಮೂರು ಮೈಲಿ, ಅವ್ರು ಕಾಫಿ ಮುಗಿಸೋ ಹೊತ್ತಿಗೆ ಬಂದಿರ್ತೀರ. ಮಧ್ಯಾಹ್ನ ಎಸಿ ಹಾಕ್ಕೊಂಡು ಹೈವೇ 12ರಲ್ಲಿ ಎಸ್ಕಲಾಂಟೆ ದಾಟಿ ಹಾಗ್‌ಬ್ಯಾಕ್‌ವರೆಗೆ ಹೋಗಿ ಬನ್ನಿ, ಬೆಟ್ಟದ ಬೆನ್ನು ಮೂಳೆ ಮೇಲೆ ರಸ್ತೆ, ಎರಡೂ ಕಡೆ ಪ್ರಪಾತ, ತಡೆಗೋಡೆ ಇಲ್ಲ. ಅಪ್ಪನಿಗೆ ಮುಂದಿನ ಸೀಟು ಕೊಡ್ಬೇಡಿ, ಬ್ರೇಕ್ ಅವ್ರೇ ಹಾಕ್ತಿರ್ತಾರೆ. ಆ ರಸ್ತೇಲೇ ಮುಂದೆ ಹೋದ್ರೆ ಕ್ಯಾಪಿಟಲ್ ರೀಫ್, ಹಳೇ ಹಣ್ಣಿನ ತೋಟಗಳಿವೆ, ಸೀಸನ್‌ನಲ್ಲಿ ನಾವೇ ಕಿತ್ತು ಅಲ್ಲೇ ತಿಂದ್ರೆ ದುಡ್ಡಿಲ್ಲ, ಹೊರಗೆ ತಗೊಂಡು ಹೋಗೋದಕ್ಕೆ ಮಾತ್ರ ತೂಕ ಹಾಕಿ ಕೊಡ್ಬೇಕು. ಹೊಟ್ಟೆ ಉರೀತಿದೆ ಬಿಡೋಕೆ, ಆದ್ರೂ ಬಿಡಿ.

ನಾಲ್ಕನೇದು ಅರಿಜೋನಾದ ಪೇಜ್ ಊರು, ಬಂಡೆ ಸೀಳಿನ ಒಳಗೆ ನಡೆಯೋ ಆಂಟಿಲೋಪ್ ಕ್ಯಾನ್ಯನ್. ಇದು ಅಲ್ಲಿನ ಮೂಲನಿವಾಸಿ ನವಾಹೋ ಜನರ ನೆಲ, ಅವರ ಗೈಡ್ ಇಲ್ದೆ ಒಳಗೆ ಬಿಡಲ್ಲ, ಮುಂಚೇನೇ ಬುಕ್ ಮಾಡ್ಬೇಕು. ಅಪ್ಪರ್, ಲೋವರ್ ಅಂತ ಎರಡಿದೆ, ಲೋವರ್‌ನಲ್ಲಿ ಕಡಿದಾದ ಕಬ್ಬಿಣದ ಮೆಟ್ಟಿಲು, ಮಂಡಿ ನೋವಿದ್ರೆ ಅಪ್ಪರ್ ತಗೊಳ್ಳಿ, ಒಳಗೆ ಮರಳಿನ ನೆಲ ಸಮವಾಗಿದೆ. ಟೈಮ್ ಹುಷಾರು: ಅರಿಜೋನಾ ಬೇಸಿಗೇಲಿ ಗಡಿಯಾರ ಬದಲಾಯಿಸಲ್ಲ, ಯೂಟಾ ಬದಲಾಯಿಸತ್ತೆ, ಅರಿಜೋನಾ ಒಳಗಿರೋ ನವಾಹೋ ನೇಷನ್‌ನೂ ಬದಲಾಯಿಸತ್ತೆ, ಪೇಜ್ ಊರು ಮಾತ್ರ ಅರಿಜೋನಾ ಟೈಮು. ನಮ್ಮ ಫೋನು ಯಾವ ಟವರ್ ಸಿಕ್ರೆ ಆ ಟೈಮ್ ತೋರ್ಸಿ, ಒಂದು ಗಂಟೆ ಮುಂಚೆ ಹೋಗಿ ಬಿಸಿಲಲ್ಲಿ ಕೂತಿದ್ವಿ. ಬುಕ್ ಮಾಡುವಾಗ್ಲೇ ಯಾವ ಟೈಮು ಅಂತ ಕೇಳಿ, ಕೈಗೆ ಮಾಮೂಲಿ ವಾಚ್ ಕಟ್ಕೊಳ್ಳಿ.

ಇನ್ನೊಂದು, ಮಳೆ ಬರೋ ಸೂಚನೆ ಇದೆ ಅಂತ ಟೂರ್ ಕ್ಯಾನ್ಸಲ್ ಆದ್ರೆ ಜಗಳ ಆಡ್ಬೇಡಿ. 1997ರ ಆಗಸ್ಟಲ್ಲಿ ಲೋವರ್ ಆಂಟಿಲೋಪ್‌ನಲ್ಲಿ 11 ಜನ ಪ್ರವಾಸಿಗರು ಕೊಚ್ಚಿಕೊಂಡು ಹೋದ್ರು, ಮಳೆ ಬಿದ್ದಿದ್ದು ಎಷ್ಟೋ ಮೈಲಿ ಆಚೆ. ನಮ್ಮ ಕಡೆ ಮಣ್ಣು ನೀರು ಕುಡಿಯತ್ತೆ, ಇಲ್ಲಿ ಬರೀ ಬಂಡೆ, ಬಿದ್ದ ನೀರೆಲ್ಲ ಸೀದಾ ಆ ಸೀಳಿಗೇ ಬಂದು ನುಗ್ಗತ್ತೆ. ನ್ಯಾರೋಸ್‌ಗೂ ಇದೇ ಮಾತು. ಜುಲೈಯಿಂದ ಸೆಪ್ಟೆಂಬರ್ ಜಾಸ್ತಿ ಅಪಾಯ, ನೀವು ಹೋಗ್ತಿರೋದು ಅದಕ್ಕೆ ಸ್ವಲ್ಪ ಮುಂಚೆ, ಆದ್ರೂ ಅವತ್ತಿನ ಫೋರ್‌ಕಾಸ್ಟ್ ನೋಡ್ದೆ ಇಳೀಬೇಡಿ.

ಕೊನೇ ಎರಡು ಬೆಳಗು ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್, ಅಂದ್ರೆ ಕಣಿವೆಯ ದಕ್ಷಿಣದ ಅಂಚು. ನಾರ್ತ್ ರಿಮ್ ಎದುರಿಗೇ ಕಾಣತ್ತೆ, ನೇರ ಹತ್ತು ಮೈಲಿ, ರಸ್ತೇಲಿ 200 ಮೈಲಿ ಮೇಲೆ, ಮರ್ತುಬಿಡಿ. ನೀವಿಬ್ರು ಒಂದು ಬೆಳಿಗ್ಗೆ ಶಟಲ್ ಹಿಡಿದು ಸೌತ್ ಕೈಬಾಬ್ ಟ್ರೇಲ್‌ನಲ್ಲಿ ಊ ಆ ಪಾಯಿಂಟ್‌ವರೆಗೆ ಇಳೀರಿ, ಒಂದು ಮೈಲಿಗಿಂತ ಕಮ್ಮಿ, ದಾರೀಲಿ ಎಲ್ಲೂ ನೀರಿಲ್ಲ. ಇಲ್ಲಿ ಬೆಟ್ಟ ಉಲ್ಟಾ, ಸುಸ್ತಾಗೋ ಭಾಗ ಕೊನೇಲಿ ಬರತ್ತೆ, ಇಳಿಯೋಕೆ ಅರ್ಧ ಗಂಟೆ ಆದ್ರೆ ಹತ್ತೋಕೆ ಒಂದು ಗಂಟೆ ಇಟ್ಕೊಳ್ಳಿ.

ಇನ್ನೊಂದು ಬೆಳಿಗ್ಗೆ ಅಪ್ಪ ಅಮ್ಮನದು, ಟ್ರೇಲ್ ಆಫ್ ಟೈಮ್. ಅಂಚಲ್ಲೇ ಸಮತಟ್ಟಾದ ದಾರಿ, ಒಂದು ಮೀಟರ್ ಅಂದ್ರೆ ಹತ್ತು ಲಕ್ಷ ವರ್ಷ, ಆಯಾ ಕಾಲದ ಕಲ್ಲು ಕೆಳಗಿಂದ ತಂದು ದಾರಿ ಪಕ್ಕ ಇಟ್ಟಿದಾರೆ, ಮುಟ್ಟಿ ನೋಡ್ಬೋದು. 1880ರ ದಶಕದಲ್ಲಿ ಕ್ಲಾರೆನ್ಸ್ ಡಟ್ಟನ್ ಅನ್ನೋ ಭೂವಿಜ್ಞಾನಿ ಅಲ್ಲಿನ ಒಂದು ಶಿಖರಕ್ಕೆ ವಿಷ್ಣು ಟೆಂಪಲ್ ಅಂತ ಹೆಸರಿಟ್ಟ, ಬ್ರಹ್ಮ, ಶಿವ ಟೆಂಪಲ್ಲೂ ಇದೆ, ಕಣಿವೆ ತಳದ ಕಪ್ಪು ಕಲ್ಲಿಗೆ ವಿಷ್ಣು ಶಿಸ್ಟ್ ಅಂತ ಹೆಸರು, ಸುಮಾರು 175 ಕೋಟಿ ವರ್ಷ ಹಳೇದು.

ಪಾರ್ಕ್ ಒಳಗೆ ಹೋಗೋ ಪಾಸ್ ವಿಷಯ: 2026ರಿಂದ ವರ್ಷದ ಪಾಸು ಇಲ್ಲಿ ವಾಸ ಇರೋರಿಗೆ 80 ಡಾಲರ್, ಹೊರದೇಶದವ್ರಿಗೆ 250. ಪಾಸಿಲ್ಲದ ಹೊರದೇಶದವ್ರಿಗೆ ಜಾಯನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರರಲ್ಲೂ ತಲೆಗೆ 100 ಡಾಲರ್ ಹೆಚ್ಚಿಗೆ. ಯಾರ ಹೆಸರಲ್ಲಿ ಯಾವ ಪಾಸ್ ಅಂತ ಪಾರ್ಕ್ ಸೈಟಲ್ಲಿ ನೋಡ್ಕೊಂಡೇ ಹೊರಡಿ. ಊಟಕ್ಕೆ ಪುಳಿಯೋಗರೆ ಗೊಜ್ಜು, ಒಂದು ಪುಟ್ಟ ರೈಸ್ ಕುಕ್ಕರ್, ಐಸ್ ಬಾಕ್ಸಲ್ಲಿ ಮೊಸರು ಸಾಕು, ಮೋಟೆಲ್ ರೂಮಲ್ಲಿ ಒಗ್ಗರಣೆ ಹಾಕಕ್ಕೆ ಹೋಗ್ಬೇಡಿ, ಸಾಸಿವೆ ಸಿಡಿಯೋ ಮುಂಚೆ ಸ್ಮೋಕ್ ಅಲಾರಂ ಹೊಡ್ಕೊಳತ್ತೆ (ಹೇಗೆ ಗೊತ್ತು ಅಂತ ಕೇಳ್ಬೇಡಿ).

ಆಮೇಲೆ ಶೂ. ಊರಲ್ಲೇ ಈಗ್ಲೇ ಕೊಡ್ಸಿ, ಒಂದು ತಿಂಗಳು ವಾಕಿಂಗಿಗೆ ಹಾಕ್ಕೊಂಡು ಹಳೇದು ಮಾಡ್ಲಿ. ನಾನು ವೇಗಸ್‌ನಲ್ಲಿ ಇಳಿದ ಮೇಲೆ ಅಪ್ಪನಿಗೆ ಹೊಸಾ ಹೈಕಿಂಗ್ ಶೂ ಕೊಡ್ಸಿದ್ದೆ, ಜಾಯನ್‌ನಲ್ಲೇ ಎರಡೂ ಹಿಮ್ಮಡಿ ಬೊಬ್ಬೆ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಬರೋ ಹೊತ್ತಿಗೆ ಹವಾಯಿ ಚಪ್ಪಲೀಲಿ ಓಡಾಡ್ತಿದ್ರು, ವಿಷ್ಣು ಶಿಸ್ಟ್ ಕಲ್ಲಿನ ಬೋರ್ಡು ಓದಿ, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಆಮೇಲೆ ಕಲ್ಲು ಮುಟ್ಟಿದ್ರು.