ಇಂಜೆಕ್ಟರ್ ರಿಪೇರಿ ಮಾಡಿಸ್ಲಾ, ಹೊಸದೇ ಹಾಕಿಸ್ಲಾ?

ಪ್ರಶ್ನೆ: ನಂದು ಕಾಮನ್ ರೈಲ್ ಇಂಜಿನ್ನಿನ ಪಿಕಪ್ಪು, 2014ರ ಮಾಡೆಲ್, 2.3 ಲಕ್ಷ ಕಿಲೋಮೀಟರ್ ಓಡಿದೆ, ದಿನಾ ಟೊಮೆಟೊ ಲೋಡು. ಎರಡು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್, ಸೆಲ್ಫ್ ಹೊಡ್ದೂ ಹೊಡ್ದೂ ಬ್ಯಾಟರಿ ಇಳಿದೋಗುತ್ತೆ, ಐಡಲ್‌ನಲ್ಲಿ ಟಕಟಕ ಸದ್ದು, ಏರು ಹತ್ತೋವಾಗ ಕಪ್ಪು ಹೊಗೆ. ಒಬ್ಬ ಮೆಕ್ಯಾನಿಕ್ ನಾಲ್ಕೂ ಇಂಜೆಕ್ಟರ್ ಹೊಸದು ಹಾಕ್ಸಿ ಅಂತಾನೆ, ಇನ್ನೊಬ್ಬ ರಿಪೇರಿ ಸಾಕು ಅಂತಾನೆ. ಯಾರ ಮಾತು ಕೇಳ್ಲಿ?
— ಓದುಗರು, ಕೋಲಾರ

ಉತ್ತರ: ಸದ್ಯಕ್ಕೆ ಇಬ್ರ ಮಾತೂ ಕೇಳ್ಬೇಡಿ, ಯಾಕಂದ್ರೆ ಇಬ್ರೂ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಭಾಗ) ಬಿಚ್ಚಿ ನೋಡಿಲ್ಲ, ಹೊಗೆ ನೋಡಿ ಹೇಳಿದ್ದಾರೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೋ ಪೈಪ್ ಸೀಳಿರಬಹುದು, ಕಂಪ್ರೆಷನ್ನೇ ಬಿದ್ದಿರಬಹುದು. ಅದನ್ನೆಲ್ಲ ನೋಡದೆ ಇಂಜೆಕ್ಟರ್‌ಗೆ ದುಡ್ಡು ಸುರಿದು ಆಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತವ್ರನ್ನ ಬೇಕಾದಷ್ಟು ನೋಡಿದ್ದೀನಿ.

ಆದ್ರೆ ನಿಮ್ಮ ಬೆಳಗಿನ ಸ್ಟಾರ್ಟಿಂಗ್ ಕತೆ ಕೇಳಿದ್ರೆ ಇಂಜೆಕ್ಟರ್ ಮೇಲೇ ನಂಗೂ ಅನುಮಾನ. ಒಳಗಡೆ ಕಂಟ್ರೋಲ್ ವಾಲ್ವ್ ಅಂತ ಒಂದಿದೆ, ಅದು ಕೂತು ಮುಚ್ಚೋ ಜಾಗ, ಅಂದ್ರೆ ಸೀಟು, ಸವೆದ್ರೆ ರೈಲ್‌ನಲ್ಲಿ (ನಾಲ್ಕೂ ಇಂಜೆಕ್ಟರ್ಗೆ ಡೀಸೆಲ್ ಹಂಚೋ ಹೈ ಪ್ರೆಷರ್ ಪೈಪು) ಕಟ್ಟಬೇಕಾದ ಪ್ರೆಷರ್ ರಿಟರ್ನ್ ಪೈಪ್‌ನಲ್ಲಿ ಸೋರಿ ಟ್ಯಾಂಕಿಗೆ ವಾಪಸ್ ಹೋಗುತ್ತೆ, ಪ್ರೆಷರ್ ಕಟ್ಟೋವರೆಗೂ ಇಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರ್ ತೆರೆಯೋಕೆ ಬಿಡಲ್ಲ, ನೀವು ಸೆಲ್ಫ್ ಹೊಡೀತಾನೇ ಇರ್ತೀರ. ಇದಕ್ಕೆ ಸುಲಭದ ಪರೀಕ್ಷೆ ಇದೆ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ಬಿಚ್ಚಿ ನಾಲ್ಕು ಬಾಟ್ಲಿಗೆ ಬಿಟ್ಟು ಸ್ವಲ್ಪ ಹೊತ್ತು ಐಡಲ್‌ನಲ್ಲಿ ಓಡಿಸೋದು. ಮೂರು ಬಾಟ್ಲಿಯಲ್ಲಿ ಬೆರಳಗಲ ಇದ್ದು ನಾಲ್ಕನೇದು ಅರ್ಧ ತುಂಬಿದ್ರೆ ಕಳ್ಳ ಸಿಕ್ಕಿದ ಹಾಗೆ. ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ, ಹಳೇ ಇಂಜಿನ್ನಲ್ಲಿ ಮಾಡ್ತಿದ್ದ ಹಾಗೆ ಓಡ್ತಿರೋವಾಗ ಇಂಜೆಕ್ಟರ್‌ಗೆ ಬರೋ ಸ್ಟೀಲ್ ಪೈಪಿನ ನಟ್ ಸಡಿಲ ಮಾಡೋಕೆ ಯಾರನ್ನೂ ಬಿಡ್ಬೇಡಿ. ಅಲ್ಲಿ ಪ್ರೆಷರ್ ಸಾವಿರ ಬಾರ್ ಮೇಲಕ್ಕೂ ಏರಬಹುದು, ಡೀಸೆಲ್ ಸೂಜಿ ಥರ ಚರ್ಮದೊಳಗೆ ನುಗ್ಗುತ್ತೆ, ನೋಡೋಕೆ ಸಣ್ಣ ಚುಕ್ಕೆ ಆದ್ರೂ ಬೆರಳೇ ಹೋಗಬಹುದು, ಹಾಗೇನಾದ್ರೂ ಆದ್ರೆ ನೋವಿಲ್ಲದಿದ್ರೂ ಸೀದಾ ಆಸ್ಪತ್ರೆಗೆ ಓಡಬೇಕು.

ಬಾಟ್ಲಿ ಪರೀಕ್ಷೆ ಸೋರಿಕೆ ಹೇಳುತ್ತೆ, ಸ್ಪ್ರೇ ಹೇಗಿದೆ ಅಂತ ಹೇಳಲ್ಲ. ಅದಕ್ಕೆ ನಾಲ್ಕನ್ನೂ ಬಿಚ್ಚಿ ಕಾಮನ್ ರೈಲ್ ಟೆಸ್ಟ್ ಬೆಂಚ್ (ಪರೀಕ್ಷೆ ಮಾಡೋ ಯಂತ್ರ) ಇರೋ, ಡೀಸೆಲ್ ಪಂಪು ಇಂಜೆಕ್ಟರ್ ರಿಪೇರಿ ಮಾಡೋ ಪಂಪ್ ಶಾಪಿಗೇ ಒಯ್ಯಬೇಕು. ಐಡಲ್‌ನಲ್ಲಿ ಎಷ್ಟು ಡೀಸೆಲ್ ಬಿಡುತ್ತೆ, ಫುಲ್ ಲೋಡ್‌ನಲ್ಲಿ ಎಷ್ಟು, ರಿಟರ್ನ್ ಎಷ್ಟು ಅಂತ ಪ್ರಿಂಟ್ ಕೊಡ್ತಾರೆ. ಆ ಚೀಟಿ ಕೈಗೆ ಬಂದ ಮೇಲೇನೇ ರಿಪೇರಿಯೋ ಹೊಸದೋ ಅನ್ನೋ ಪ್ರಶ್ನೆ. ನಾಝಲ್ (ಡೀಸೆಲ್ ಚಿಮ್ಮೋ ತುದಿ), ವಾಲ್ವ್ ಸೆಟ್, ಸೀಲ್ ಮಾತ್ರ ಸವೆದಿದ್ರೆ ನಿಮ್ಮ ವಯಸ್ಸಿನ ಗಾಡಿಗೆ ರಿಪೇರಿನೇ ಸರಿ ಅಂತ ನನ್ನ ಅಭಿಪ್ರಾಯ, ಆದ್ರೆ ಒರಿಜಿನಲ್ ಪಾರ್ಟ್ ಹಾಕಿ, ಮತ್ತೆ ಬೆಂಚ್ ಮೇಲೆ ಸೆಟ್ ಮಾಡಿ, ಮುಂಚೆ ಎಷ್ಟಿತ್ತು ಈಗ ಎಷ್ಟಿದೆ ಅಂತ ಎರಡೂ ಚೀಟಿ ಕೊಡೋರ ಹತ್ರ ಮಾತ್ರ. ಒಳಗಿನ ಭಾಗಗಳ ನಡುವಿನ ಸಂದು ಬರೀ ಎರಡು ಮೂರು ಮೈಕ್ರಾನ್, ತಲೆಕೂದಲೇ 50 ಮೈಕ್ರಾನ್‌ಗಿಂತ ದಪ್ಪ ಇರುತ್ತೆ, ಅದನ್ನ ಧೂಳಿನ ಶೆಡ್‌ನಲ್ಲಿ ಬನಿಯನ್ ಬಟ್ಟೆ ಹಿಡ್ಕೊಂಡು ಬಿಚ್ಚೋರಿಗೆ ಕೊಟ್ರೆ ಇದ್ದದ್ದೂ ಹೋಯ್ತು. ವಾಲ್ವ್ ಎಳೆಯೋ ಕರೆಂಟ್ ಕಾಯಿಲ್ ಸುಟ್ಟಿದ್ರೆ, ಇಂಜೆಕ್ಟರ್ ಬಾಡಿ ಒಳಗೆ ತುಕ್ಕು ಹಿಡಿದಿದ್ರೆ, ಬಾಡಿಯದೇ ಸೀಟು ಕೊರೆದು ಹೋಗಿದ್ರೆ ಹೊಸದೇ ಹಾಕ್ಸಿ. ರಿಪೇರಿ ಖರ್ಚು ಹೊಸದರ ಅರ್ಧ ದಾಟ್ತು ಅಂದ್ರೂ ನಾನು ಹೊಸದಕ್ಕೇ ಹೋಗ್ತೀನಿ. ಪೀಜೋ ಇಂಜೆಕ್ಟರ್ (ಕಾಯಿಲ್ ಬದಲು ಕರೆಂಟಿಗೆ ಹಿಗ್ಗೋ ಹರಳಿನಿಂದ ತೆರೆಯೋದು) ಇದ್ರೆ ರಿಪೇರಿ ಮಾತು ಬಹುಪಾಲು ಮರೆತುಬಿಡಿ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಇಂಜೆಕ್ಟರ್ ಯಾಕೆ ಹೋಯ್ತು? ನನ್ನ ಶಾಪಿಗೆ ಒಬ್ರು ಬೇರೆ ಕಡೆ ನಾಲ್ಕೂ ಹೊಸದು ಹಾಕಿಸ್ಕೊಂಡು ಎರಡೇ ತಿಂಗಳಿಗೆ ಅದೇ ಕಂಪ್ಲೇಂಟ್ ಹಿಡ್ಕೊಂಡು ಬಂದಿದ್ರು. ಡೀಸೆಲ್ ಫಿಲ್ಟರ್ ಕೊಯ್ದು ಕಾಗದ ಬಿಡಿಸಿ ಬಿಸಿಲಿಗೆ ಹಿಡಿದ್ರೆ ಜರಿ ಸೀರೆ ಥರ ಮಿಣಮಿಣ, ರೈಲ್ ಬಿಚ್ಚಿದ್ರೆ ಅದರೊಳಗೂ ಅದೇ. ಹೈ ಪ್ರೆಷರ್ ಪಂಪ್ ಒಳಗೊಳಗೇ ತೇದು ಲೋಹದ ಪುಡಿ ಬಿಡ್ತಿತ್ತು, ಅದೆಲ್ಲ ಸೀದಾ ಹೊಸ ಇಂಜೆಕ್ಟರ್ ಹೊಟ್ಟೆಗೆ. ಹಂಗಾಗಿ ಮೊದ್ಲು ಫಿಲ್ಟರ್ ನೋಡಿ, ಪುಡಿ ಇದ್ರೆ ಪಂಪು, ರೈಲು, ಟ್ಯಾಂಕು ಎಲ್ಲ ಸರಿಯಾಗೋವರೆಗೂ ಇಂಜೆಕ್ಟರ್ ಮುಟ್ಟಬೇಡಿ. ಹಾಗೇ ಡಿಪ್ ಸ್ಟಿಕ್ ಎಳೆದು ನೋಡಿ, ಇಂಜಿನ್ ಆಯಿಲ್ ಲೆವೆಲ್ ಏರಿ ಡೀಸೆಲ್ ವಾಸನೆ ಬಂದ್ರೆ ಗಾಡಿ ಅಲ್ಲೇ ನಿಲ್ಸಿ, ನಾಝಲ್ ತೊಟ್ಟಿಕ್ತಾ ಇರಬಹುದು, ಪಿಸ್ಟನ್ ತೂತಾಗೋಕೆ ಜಾಸ್ತಿ ದಿನ ಬೇಕಾಗಲ್ಲ.

ವಾಪಸ್ ಕೂರಿಸೋವಾಗ ತಾಮ್ರದ ವಾಷರ್ ಹೊಸದೇ ಇರಲಿ. ಇಂಜೆಕ್ಟರ್ ಬಾಡಿ ಮೇಲೆ ಕೆತ್ತಿರೋ ಕೋಡ್ ಸ್ಕ್ಯಾನರ್‌ನಲ್ಲಿ ಇಂಜಿನ್ ಕಂಪ್ಯೂಟರಿಗೆ ಹಾಕಿದ್ರಾ ಅಂತ ಕೇಳಿ, ರಿಪೇರಿ ಆದ ಮೇಲೆ ಶಾಪಿನವರು ಹೊಸ ಕೋಡ್ ಕೊಟ್ಟಿದ್ರೆ ಅದನ್ನ ಹಾಕ್ಬೇಕು. ಅದಿಲ್ಲದೆ ಹೊಸ ಇಂಜೆಕ್ಟರೂ ಟಕಟಕ ಅನ್ನಬಹುದು.

ಪ್ರಶ್ನೆ: ನಮ್ದು 20 ವರ್ಷದ ಹಳೇ ಟ್ರ್ಯಾಕ್ಟರ್ ಐತ್ರಿ, ರಂಟಿ ಹೊಡಿಯಾಕ ಹಚ್ಚಿದ್ರ ಕರಿ ಹೊಗಿ ಬುಸುಬುಸು ಬರ್ತೈತಿ. ಇದಕ್ಕೂ ಹೊಸಾ ಇಂಜೆಕ್ಟರ್ ಬೇಕೇನ್ರಿ?
— ಓದುಗರು, ಹಾವೇರಿ

ಉತ್ತರ: ಬೇಡ್ರಿ. ಅದು ಕಾಮನ್ ರೈಲ್ ಅಲ್ಲ, ಹಳೇ ಕಾಲದ ಮೈಕೋ ಪಂಪಿನ ಜಾತಿ, ಇಂಜೆಕ್ಟರೇ ಕೆಟ್ಟಿದ್ರೆ ಕಣ್ಣು ಮುಚ್ಕೊಂಡು ರಿಪೇರಿ ಮಾಡ್ಸಿ. (1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸ್ಕೊಂಡ್ರೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದಿನ್ನೂ ಮೈಕೋನೇ.) ಇಲ್ಲಿ ಇಂಜೆಕ್ಟರ್ ತೆರೆಯೋ ಪ್ರೆಷರ್ ಸುಮಾರು 200 ಬಾರ್ ಅಷ್ಟೇ, ಒಳಗಿರೋದು ಸ್ಪ್ರಿಂಗು, ನಾಝಲ್ಲು, ಒಂದೆರಡು ಶಿಮ್ಮು (ತೆಳು ಬಿಲ್ಲೆ). ಕೈಪಂಪ್ ಟೆಸ್ಟರ್‌ಗೆ ಹಾಕಿ ಒತ್ತಿದ್ರೆ ಕುರ್ ಕುರ್ ಅಂತ ಸದ್ದು ಮಾಡಿ ಮಂಜಿನ ಹಾಗೆ ಹೊಡೀಬೇಕು, ತುದಿ ಒಣಗೇ ಇರಬೇಕು. ಕೆಳಗೆ ಪೇಪರ್ ಇಟ್ರೆ ತೂತು ಎಷ್ಟಿದ್ಯೋ ಅಷ್ಟೂ ಕಲೆ ಒಂದೇ ಅಳತೆಗೆ ಬೀಳುತ್ತೆ. ಒಂದು ಕಡೆ ಮಾತ್ರ ದಾರದ ಥರ ಹೋಗಿ ತುದಿಯಲ್ಲಿ ಹನಿ ನೇತಾಡ್ತಾ ಇದ್ರೆ ನಾಝಲ್ ಮುಗೀತು, ಅದೊಂದನ್ನ ಬದಲಾಯಿಸಿ ಪ್ರೆಷರ್ ಸೆಟ್ ಮಾಡಿದ್ರೆ ಆಯ್ತು. ನೋಡೋಕೆ ಮಜಾ ಅಂತ ಕೈ ಮಾತ್ರ ಅಡ್ಡ ಇಡಬ್ಯಾಡ್ರಿ.

ಪ್ರಶ್ನೆ: ಟ್ಯಾಂಕಿಗೆ ಹಾಕೋ ಇಂಜೆಕ್ಟರ್ ಕ್ಲೀನರ್ ಬಾಟ್ಲಿ, ಸೀಮೆಎಣ್ಣೆ, ಇದರಿಂದ ಉಪಯೋಗ ಇದ್ಯಾ?
— ಓದುಗರು, ತಿಪಟೂರು

ಉತ್ತರ: ಬಾಟ್ಲಿ ಸ್ವಲ್ಪ ಕಾರ್ಬನ್ ತೆಗೀಬಹುದು, ಸವೆದ ಲೋಹ ಮತ್ತೆ ಬೆಳೆಯಲ್ಲ. ಆ ದುಡ್ಡಲ್ಲಿ ಡೀಸೆಲ್ ಫಿಲ್ಟರ್ ಟೈಮಿಗೆ ಬದಲಾಯಿಸಿ, ಅದರ ತಳದ ತಿರುಪು ಬಿಚ್ಚಿ ನೀರು ತೆಗೀರಿ. ಸೀಮೆಎಣ್ಣೆ ಬೇಡವೇ ಬೇಡ, ಪಂಪಿಗೂ ಇಂಜೆಕ್ಟರ್‌ಗೂ ಡೀಸೆಲ್ಲೇ ಎಣ್ಣೆ, ಅದರ ಜಿಡ್ಡು ಸೀಮೆಎಣ್ಣೆಗಿಲ್ಲ.